ಅಸಂಕುಲ್‌ನ ಕುರಿ ಮತ್ತು ಒಂಬತ್ತು ಹೆಸರು

ಕೊಕ್-ದೊಬೊ
14 ಅಕ್ಟೋಬರ್ 2018

ಮೊಮ್ಮಗಳು ಜಿಪರ್‌ಗೆ,

ಹೋದ ಸೋಮವಾರ ನೀನು ಫೋನ್ ಕುಕ್ಕಿದ ಸದ್ದು ನನ್ನ ಎಡಗಿವಿಯಲ್ಲಿ ಇನ್ನೂ ಕೂತಿದೆ. "ಅಜ್ಜೀ, ಮುದುಕ್ರೆಲ್ಲ ಸೇರಿ ಒಂದು ಕುರಿಗೆ ನಮ್ಮನ್ನ ಮಾರ್ಬಿಟ್ರಿ" ಅಂದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಕಟ್. ಅದಕ್ಕೇ ಈ ಕಾಗದ. ಸಿಟ್ಟಿಗೆ ಹರಿದರೂ ಚಿಂತೆಯಿಲ್ಲ, ಎರಡು ತುಂಡನ್ನೂ ಜೋಡಿಸಿಕೊಂಡು ಓದಬಹುದು.

ನಾನು ಸಂತೆಯಲ್ಲಿ ಬದುಕಿದವಳು. ಮೊದಲು ಮೂಟೆ ಬಿಚ್ಚಿ ಎಣಿಸುತ್ತೇನೆ, ಜಗಳ ಆಮೇಲೆ. ಊರ ಮಂಡಳಿಯಲ್ಲಿ ಒಬ್ಬ ಸತ್ತ, ಒಂದು ಕುರ್ಚಿ ಖಾಲಿಯಾಯಿತು. ಉಳಿದವರು ಐವರು ಆ ಕಡೆ, ಐವರು ಈ ಕಡೆ. ನಮ್ಮ ಮಂದೆ ಬೇಸಿಗೆಗೆ ಹತ್ತುವ ಸರಿ-ತೋರ್ ಹುಲ್ಲುಗಾವಲನ್ನು ಕಲ್ಲಿದ್ದಲು ಗಣಿಯವರಿಗೆ ನಲವತ್ತೊಂಬತ್ತು ವರ್ಷಕ್ಕೆ ಕೊಡಬೇಕೋ ಬೇಡವೋ ಎಂಬುದು ಆ ಒಂದು ಕುರ್ಚಿಯ ಮೇಲೆ ನಿಂತಿತ್ತು. ಕೊಡೋಣ ಎಂದ ಅಸಂಕುಲ್‌ಗೆ ನೂರ ಎಂಬತ್ತೇಳು ಮತ. ಬೇಡ ಎಂದ ದನದ ಡಾಕ್ಟರ್ ಹುಡುಗಿ ಕನಿಷಾಯ್‌ಗೆ ನೂರ ಎಂಬತ್ತೊಂದು. ಆರು ಮತ.

ಮತಗಟ್ಟೆಯ ಮೇಜಿನ ಹಿಂದೆ ಇಡೀ ದಿನ ಕೂತವಳು ನಾನು. ಪಟ್ಟಿಯಲ್ಲಿ ಮೂವತ್ತರ ಒಳಗಿನವರು ನೂರ ಮೂವತ್ತಾರು. ಬಂದವರು ಹತ್ತೊಂಬತ್ತು. ಅರವತ್ತು ದಾಟಿದವರಲ್ಲಿ ಮನೆಯಲ್ಲಿ ಉಳಿದವರು ಇಬ್ಬರೇ. ಅವರಲ್ಲಿ ಒಬ್ಬಳಿಗೆ ಕಾಲಿಲ್ಲ. ಮುದುಕರು ಮಾರಿದರು ಅನ್ನುತ್ತೀಯಲ್ಲ, ಅಂಗಡಿಯಲ್ಲಿ ನಾವಷ್ಟೇ ಇದ್ದೆವು ಕಣೇ!

ಡ್ರೈವರ್ ಸಗಿನ್ ಕೈಯಲ್ಲಿ ಬೆಣ್ಣೆ ಮತ್ತು ಒಣಮೊಸರಿನ ಉಂಡೆ ಕಳಿಸಿದ್ದೇನೆ. ಡಬ್ಬ ವಾಪಸ್ ಕಳಿಸು.

ನಿನ್ನಪ್ಪನನ್ನು ಹೆತ್ತವಳು,
ಸುಯುಮ್‌ಕಾನ್


ಬಿಷ್ಕೆಕ್
23 ಅಕ್ಟೋಬರ್ 2018

ಅಜ್ಜೀ,

ಬೆಣ್ಣೆ ಚೆನ್ನಾಗಿತ್ತು. ಲೆಕ್ಕ ಚೆನ್ನಾಗಿರಲಿಲ್ಲ.

ಚುನಾವಣೆಗೆ ನಾಲ್ಕು ದಿನ ಮುಂಚೆ ಅಸಂಕುಲ್‌ನ ಅಂಗಳದಲ್ಲಿ ಹನ್ನೊಂದು ಮಂದಿ ಹಿರಿಯರು ಕುರಿ ಊಟ ಮಾಡಿ, ಅಂಗೈ ಬಿಚ್ಚಿ ಅವನಿಗೆ ಹಾರೈಸಿದ ವಿಡಿಯೋ ನಮ್ಮ ಹಾಸ್ಟೆಲ್‌ನಲ್ಲಿ ಎಲ್ಲರ ಫೋನಿನಲ್ಲೂ ಇದೆ. ಮುಖ ಸರಿಯಾಗಿ ಕಾಣುವುದಿಲ್ಲ. ಆದರೆ ಕೊನೆಯಲ್ಲಿ ಕೂತವರ ನೀಲಿ ವೆಲ್ವೆಟ್ ಅಂಗಿ ನಾನು ತಂದುಕೊಟ್ಟದ್ದು. ಗೆಳತಿಯೊಬ್ಬಳು "ಇದು ನಿಮ್ಮಜ್ಜಿ ಅಲ್ವೇನೇ?" ಅಂದಳು. ಅಲ್ಲ ಅಂದೆ. ನಿನ್ನಿಂದಾಗಿ ನಾನು ಸುಳ್ಳು ಹೇಳಿದೆ.

ನನಗೂ ಎಣಿಸಲು ಬರುತ್ತದೆ. ಆ ಒಪ್ಪಂದ ಮುಗಿಯುವಾಗ ನನಗೆ ಎಪ್ಪತ್ತು. ನಿನಗೆ ನೂರ ಹದಿನೇಳು. ಹಾರೈಕೆ ಶುರು ಮಾಡಿದ ಮಂಬೆತ್ ತಾತನಿಗೆ ನೂರ ಮೂವತ್ತು. ಬಾಗಿಲು ದಾಟಿ ಹೊರಟವರು ಒಳಗಿರುವವರ ಮನೆಗೆ ಬೀಗ ಹಾಕುವುದು ಯಾವ ನ್ಯಾಯ? ನಾನು ಓದುತ್ತಿರುವುದು ನೀರಿನ ವಿಷಯ. ಸರಿ-ತೋರ್ ಅಗೆದರೆ ಕೆಳಗಿನ ನೀರಿನ ಊಟೆ ಎಷ್ಟು ವರ್ಷ ಉಳಿಯುತ್ತದೆ ಎಂದು ಹೇಳಬಲ್ಲೆ. ಯಾರೂ ಕೇಳಲಿಲ್ಲ. ಕುರಿ ಬೆಂದಿದೆಯೇ ಎಂದು ಮಾತ್ರ ಕೇಳಿದಿರಿ.

ನಾನು ಬರಲಿಲ್ಲ, ನಿಜ. ಸೋಮವಾರ ಪರೀಕ್ಷೆ ಇತ್ತು.

ಜಿಪರ್


ಕೊಕ್-ದೊಬೊ
3 ನವೆಂಬರ್ 2018

ಜಿಪರ್,

ಹೌದು, ಅದು ನನ್ನ ಅಂಗೈಯೇ. ಅಂಗಿಯೂ ನನ್ನದೇ. ಚೆನ್ನಾಗಿ ಒಪ್ಪುತ್ತದೆ ಅಂದರು.

ಮನೆಗೆ ಕರೆದು ಉಪ್ಪು ತಿನ್ನಿಸಿದವನಿಗೆ ಹಾರೈಸದೆ ಎದ್ದು ಬರುವುದು ನಮಗೆ ಗೊತ್ತಿಲ್ಲ. ಹಾರೈಸಿದ ಮೇಲೆ ಪರದೆಯ ಹಿಂದೆ ಹೋಗಿ ಬೇರೆಯವರಿಗೆ ಗುರುತು ಹಾಕುವುದು ಇನ್ನೂ ಗೊತ್ತಿಲ್ಲ. ಅಸಂಕುಲ್‌ಗೆ ಅದು ಗೊತ್ತು. ಅದಕ್ಕೇ ಅವನು ಭಾಷಣ ಮಾಡಲಿಲ್ಲ, ಒಲೆ ಹಚ್ಚಿದ. ನಿಮ್ಮ ಕನಿಷಾಯ್ ಕಾಗದ ಹಂಚಿದಳು. ಎಂಬತ್ತರ ಕಣ್ಣಿಗೆ ಅಷ್ಟು ಸಣ್ಣ ಅಕ್ಷರ!

ನನ್ನ ಮೊದಲ ಮತ ಹೇಗಿತ್ತು ಗೊತ್ತಾ? ಚೀಟಿಯಲ್ಲಿ ಒಂದೇ ಹೆಸರು. ಹಾಗಿದ್ದೂ ಬೆಳಗ್ಗೆ ಆರಕ್ಕೇ ಸಾಲು, ಯಾಕೆಂದರೆ ಅಂದು ಮಾತ್ರ ಮತಗಟ್ಟೆಯಲ್ಲಿ ಕಿತ್ತಳೆ ಮಾರುತ್ತಿದ್ದರು. ಇಪ್ಪತ್ತು ವರ್ಷ ನಾನು ಕಿತ್ತಳೆಗೇ ಮತ ಹಾಕಿದೆ. ಆಮೇಲೆ ಒಂದೇ ಪಕ್ಷದ ಆ ದೊಡ್ಡ ದೇಶವೇ ಒಡೆದುಹೋಯಿತು. ನಿನ್ನಜ್ಜ ಸಂಬಳಕ್ಕೆ ಬದಲು ಹಿಟ್ಟಿನ ಚೀಲ ತಂದ. ನಾನು ಗಡಿಯಾಚೆಯಿಂದ ಅಂಗಿ ಮೂಟೆ ಹೊತ್ತೆ. ಈಗ ಹೆಬ್ಬೆರಳು ಒತ್ತಿಸಿಕೊಳ್ಳುವ ಯಂತ್ರ ನನ್ನನ್ನು ಮೂರು ಸಲ ಗುರುತಿಸಲಿಲ್ಲ. ಹಗ್ಗ ಎಳೆದು ಎಳೆದು ರೇಖೆ ಸವೆದಿದೆ. "ಅಜ್ಜೀ, ನೀವು ನೀವೇನಾ?" ಎಂದು ಕೇಳಿದ ಯಂತ್ರದ ಹುಡುಗ. "ನಿನ್ನೆವರೆಗೂ ಹೌದಪ್ಪ" ಅಂದೆ.

ಇನ್ನೊಂದು ವಿಷಯ. ಮಾರ್ಚ್‌ನಲ್ಲಿ ಅಂಟಿಸಿದ್ದ ಹಳೆಯ ಪಟ್ಟಿ ನನ್ನ ಪೆಟ್ಟಿಗೆಯಲ್ಲಿತ್ತು. ಅಕ್ಟೋಬರ್‌ನದರ ಪಕ್ಕದಲ್ಲಿ ಇಟ್ಟು ಬೆರಳಿಟ್ಟು ಓದಿದೆ. ಬದುಕಿರುವ ಒಂಬತ್ತು ಜನರ ಹೆಸರು ಹೊಸದರಲ್ಲಿಲ್ಲ. ಒಂಬತ್ತೂ ಮೂವತ್ತರ ಒಳಗಿನವರು. ಸೋತದ್ದು ಆರರಲ್ಲಿ. ಇದನ್ನು ಯಾಕೆ ಬರೆದೆನೋ.

ಸೋಮವಾರದ ಪರೀಕ್ಷೆ ಹೇಗಾಯಿತು? ಯಾವ ವಿಷಯ?

ಅಜ್ಜಿ


ಬಿಷ್ಕೆಕ್
9 ನವೆಂಬರ್ 2018

ಅಜ್ಜೀ! ಅಜ್ಜೀ!

ಒಂಬತ್ತು ಹೆಸರು ಕಾಣೆ ಅಂದರೆ ಅದು ಕಳ್ಳತನ! ನೀನು ಅದನ್ನು ಕಿತ್ತಳೆಯ ಕೆಳಗೆ ಮುಚ್ಚಿಟ್ಟು ಬರೆದಿದ್ದೀಯ! ಕನಿಷಾಯ್ ಜೊತೆ ಮಾತಾಡಿದೆ. ದೂರಿನ ಗಡುವು ಮುಗಿದಿದೆ, ಆದರೆ ಸುಳ್ಳು ಅರ್ಜಿ ಹಾಕಿ ಹೆಸರು ತೆಗೆದದ್ದು ಗೊತ್ತಾದರೆ ಜಿಲ್ಲಾ ನ್ಯಾಯಾಲಯ ತೆಗೆದುಕೊಳ್ಳುತ್ತದಂತೆ. ಇದು ಅಸಂಕುಲ್‌ನ ಕೆಲಸವೇ. ಹುಡುಗರು ಬರಲಿಲ್ಲ ಎಂದು ನೀವು ಊರೆಲ್ಲ ಆಡಿಕೊಂಡಿರಿ, ಅವರ ಹೆಸರನ್ನೇ ನಿಮ್ಮವನು ನುಂಗಿದ್ದ.

ಒಂಬತ್ತು ಹೆಸರೂ ಕಳಿಸು. ಸಗಿನ್ ಕೈಯಲ್ಲಿ, ಇದೇ ವಾರ.

ಪರೀಕ್ಷೆ ಚೆನ್ನಾಗಾಯಿತು.

ಜಿಪರ್


ಕೊಕ್-ದೊಬೊ
19 ನವೆಂಬರ್ 2018

ಜಿಪರ್,

ಕನ್ನಡಕದ ಕಡ್ಡಿ ಮುರಿದಿದೆ. ಪಟ್ಟಿ ಪೆಟ್ಟಿಗೆಯ ತಳದಲ್ಲಿದೆ, ಮೇಲೆ ಹಾಸಿಗೆ ರಾಶಿ. ನಿಧಾನವಾಗಿ ನೋಡೋಣ.

ನಿಮ್ಮ ಹಾಸ್ಟೆಲ್‌ನಲ್ಲಿ ನಮ್ಮೂರಿನವರು ಎಷ್ಟು ಮಂದಿ ಇದ್ದೀರಿ? ಸುಮ್ಮನೆ ಕೇಳಿದೆ. ಉಣ್ಣೆಯ ಕಾಲುಚೀಲ ಎಷ್ಟು ಜೊತೆ ಹೆಣೆಯಬೇಕೆಂದು ತಿಳಿಯಲು.

ಅಜ್ಜಿ


ಬಿಷ್ಕೆಕ್
26 ನವೆಂಬರ್ 2018

ಅಜ್ಜೀ,

ಕಾಲುಚೀಲ ಬೇಡ. ಹೆಸರು ಬೇಕು.

ಗಡಿ ಪೊಲೀಸರಿಗೇ ಹೆದರದೆ ಮೂಟೆ ದಾಟಿಸಿದವಳು ನೀನು, ಅದನ್ನು ನನಗೆ ನೂರು ಸಲ ಹೇಳಿದ್ದೀಯ. ಈಗ ಕನ್ನಡಕದ ಕಡ್ಡಿಯ ಹಿಂದೆ ಅಡಗುತ್ತೀಯ. ಅಸಂಕುಲ್ ಬೇಜಾರಾಗುತ್ತಾನೆಂದು ತಾನೇ? ಕುರಿ ತಿಂದು ಎಂಟು ವಾರ ಆಯಿತು, ಇನ್ನೂ ಹೊಟ್ಟೆಯಿಂದ ಇಳಿದಿಲ್ಲ. ನಿಮ್ಮ ಕಾಲದವರೆಲ್ಲ ಹೀಗೇ. ಯಾರು ಕದ್ದರು ಅಂತ ಗೊತ್ತಿರುತ್ತದೆ, ಹೇಳುವುದಿಲ್ಲ, ಆಮೇಲೆ ನಮಗೆ ದೇಶ ಕೊಟ್ಟೆವು ಅನ್ನುತ್ತೀರಿ.

ಹೆಸರು ಕಳಿಸದಿದ್ದರೆ ಕಾಗದವನ್ನೂ ಕಳಿಸಬೇಡ.


ಕೊಕ್-ದೊಬೊ
2 ಡಿಸೆಂಬರ್ 2018

ಹಳೆಯ ಪಟ್ಟಿಯ ಸಾಲು: 41, 58, 112, 190, 233, 301, 347, 388, 560.

ಎಂಟು ಜನರ ಹೆಸರು ಹಿಂಬದಿಯಲ್ಲಿದೆ. ಎಲ್ಲರೂ ಬಿಷ್ಕೆಕ್‌ನಲ್ಲಿ, ಒಂದೇ ಹಾಸ್ಟೆಲ್‌ನಲ್ಲಿ. ಎಲ್ಲರೂ ತಮ್ಮ ಮತದ ವಿಳಾಸ ಅಲ್ಲಿಗೆ ಬದಲಾಯಿಸಿಕೊಂಡಿದ್ದಾರೆಂದು ಜಿಲ್ಲಾ ಕಚೇರಿಯವರು ಹೇಳಿದರು.

347: ಅಬ್ದಿಲ್ದಾನ ಮಗಳು ಜಿಪರ್. ಹುಟ್ಟಿದ್ದು 1997.

ಸಗಿನ್ ಹಾರ್ನ್ ಹೊಡೆಯುತ್ತಿದ್ದಾನೆ.


ಕೊಕ್-ದೊಬೊ
9 ಜನವರಿ 2019

ಜಿಪರ್,

ಮೂವತ್ತೆಂಟು ದಿನ. ಕಣಿವೆ ದಾರಿಯಲ್ಲಿ ಹಿಮ ಬಿದ್ದಿದೆ ಎಂದು ಮೊದಲು ಅಂದುಕೊಂಡೆ. ದಾರಿ ಎರಡು ಸಲ ಮುಚ್ಚಿ ಮೂರು ಸಲ ತೆರೆಯಿತು. ಸಗಿನ್‌ನನ್ನು ಕೇಳಿದರೆ, "ಅವ್ಳು ಕೆಳಗಿಳಿದು ಬರ್ಲಿಲ್ಲಕ್ಕ, ಯಾವ್ದೋ ಹುಡುಗಿ ಬಂದು ಪಾರ್ಸೆಲ್ ಇಸ್ಕೊಂಡ್ಳು, ಡಬ್ಬನೂ ಕೊಡ್ಲಿಲ್ಲ" ಅಂದ.

ಡಬ್ಬ ನಿನಗೇ ಇರಲಿ.

ಹೊಸ ಪಟ್ಟಿಯಲ್ಲಿ ನಿನ್ನ ಸಾಲು ಇಲ್ಲದ್ದನ್ನು ನಾನು ಅಕ್ಟೋಬರ್ ಮೊದಲ ವಾರವೇ ನೋಡಿದ್ದೆ. ಚುನಾವಣೆಗೆ ಮುಂಚೆ, ಪಟ್ಟಿ ಶಾಲೆಯ ಬಾಗಿಲಿಗೆ ಅಂಟಿಸಿದ ದಿನ. ಎರಡು ಸಲ ಬೆರಳಿಟ್ಟು ಓದಿದೆ. ನೀನೇ ಹೇಳಲಿ ಎಂದು ಕಾದೆ. ನೀನು ಪರೀಕ್ಷೆ ಅಂದೆ. ನಾನೂ ಸುಮ್ಮನಾದೆ, ಸುಮ್ಮನಿರಲು ನನಗೂ ಕಾರಣವಿತ್ತು. ಅದನ್ನು ಈಗ ಕೇಳಬೇಡ.

ಹೊಸ ವರ್ಷದ ದಿನ ನಿನ್ನಪ್ಪ ರಷ್ಯಾದಿಂದ ಫೋನ್ ಮಾಡಿದ್ದ. ಹತ್ತನೇ ಮಹಡಿಯಲ್ಲಿ ಇಟ್ಟಿಗೆ ಹೊರುತ್ತಿದ್ದಾನಂತೆ, ಗಾಳಿ ಜೋರಂತೆ. "ಗಣಿ ಶುರು ಆಯ್ತಾ ಅಮ್ಮಾ?" ಎಂದು ಕೇಳಿದ. ಮಂಡಳಿ ಇನ್ನೂ ಕೂತಿಲ್ಲ ಅಂದೆ.

ಬೈಯುವುದಕ್ಕಾದರೂ ಬರೆ.

ಅಜ್ಜಿ


ಬಿಷ್ಕೆಕ್
20 ಜನವರಿ 2019

ಅಜ್ಜೀ,

ಬೈಯಲು ಏನೂ ಉಳಿದಿಲ್ಲ.

ಸೆಪ್ಟೆಂಬರ್‌ನಲ್ಲಿ ಹಾಸ್ಟೆಲ್‌ನ ಮೇಲ್ವಿಚಾರಕಿ ಹಾಳೆಗಳ ಕಟ್ಟು ಹಿಡಿದು ಕೋಣೆ ಕೋಣೆಗೂ ಬಂದಳು. "ಸಹಿ ಹಾಕ್ರಮ್ಮ, ಹಾಸಿಗೆ ಬೇಕೋ ಬೇಡ್ವೋ?" ಅಂದಳು. ಏನಿದು ಎಂದು ಒಬ್ಬಳು ಕೇಳಿದಳು. "ವಿಳಾಸದ್ದು. ಓದೋಕೆ ಕಾಲೇಜಿದೆ, ಇಲ್ಲಿ ಸಹಿ ಹಾಕು" ಅಂದಳು. ನಾನು ಓದಲಿಲ್ಲ. ಅಕ್ಟೋಬರ್ ಏಳರ ಬೆಳಗ್ಗೆ ನಮ್ಮನ್ನೆಲ್ಲ ಪಕ್ಕದ ಶಾಲೆಗೆ ಕರೆದುಕೊಂಡು ಹೋದಳು. ನಗರದ ಆ ವಾರ್ಡಿನಲ್ಲೂ ಅಂದೇ ಚುನಾವಣೆ. ಯಾರಿಗೆ ಹಾಕಬೇಕೆಂದು ಹೆಸರು ಹೇಳಿದಳು. ನಾನು ಹೆಬ್ಬೆರಳು ಒತ್ತಿದೆ. ಯಂತ್ರ ನನ್ನನ್ನು ಒಂದೇ ಸಲಕ್ಕೆ ಗುರುತಿಸಿತು. ಹೇಳಿದವನಿಗೇ ಗುರುತು ಹಾಕಿ ಬಂದೆ. ಪರೀಕ್ಷೆ ಇರಲಿಲ್ಲ.

ನಗರದಲ್ಲಿ ಮತ ಹಾಕಿದರೆ ಊರಲ್ಲಿ ನನ್ನ ಸಾಲು ಅಳಿಯುತ್ತದೆಂದು ನಾನು ಯೋಚಿಸಲೇ ಇಲ್ಲ. ಇಲ್ಲ, ಸುಳ್ಳು. ಯೋಚಿಸದಿರಲು ಪ್ರಯತ್ನಪಟ್ಟೆ. ನಿಮಗೆ ಒಂದು ಊಟ, ನನಗೆ ಒಂದು ಹಾಸಿಗೆ. ನಿಮ್ಮನ್ನಾದರೂ ಕಾರ್ಪೆಟ್ ಮೇಲೆ ಕೂರಿಸಿ, ಕೈಗೆ ನೀರು ಹಾಕಿ ಬಡಿಸಿದರು.

ನಿನ್ನ ಹಾಳೆ ಬಂದ ಮೇಲೆ ಎಂಟು ಜನರನ್ನೂ ಕೂರಿಸಿದೆ. ಇಬ್ಬರು ಎದ್ದು ಹೋದರು. ನಾವು ಏಳು ಜನ ನ್ಯಾಯಾಲಯಕ್ಕೆ ಬರೆದುಕೊಟ್ಟೆವು. ಆ ಹಾಳೆಗಳನ್ನು ತೆಗೆಸಿ ನೋಡಿದರೆ ಸಹಿ ಮಾತ್ರ ನಮ್ಮದು, ಉಳಿದದ್ದೆಲ್ಲ ಒಂದೇ ಕೈಬರಹ. ಒಬ್ಬರೇ ಕಟ್ಟಾಗಿ ತಂದು ಕೊಟ್ಟಿದ್ದಾರೆ. ಮೊನ್ನೆ ತೀರ್ಪು ಬಂತು. ಒಂಬತ್ತು ಹೆಸರೂ ಊರ ಪಟ್ಟಿಗೆ ವಾಪಸ್. ಕೊಕ್-ದೊಬೊದಲ್ಲಿ ಮಾರ್ಚ್ ಹದಿನೇಳಕ್ಕೆ ಮರು ಮತದಾನ.

ಹಾಸಿಗೆ ಹೋಯಿತು. ಒಬ್ಬ ಗೆಳತಿಯ ಅಕ್ಕನ ಅಡುಗೆಮನೆಯಲ್ಲಿ ಮಲಗುತ್ತೇನೆ. ಫ್ರಿಜ್ ರಾತ್ರಿಯಿಡೀ ಗೊಣಗುತ್ತದೆ, ನಿನ್ನ ಹಾಗೆ.

ನಿನ್ನ ಕಾರಣ ಕೇಳಬೇಡ ಅಂದೆಯಲ್ಲ, ಕೇಳುವುದಿಲ್ಲ. ಆದರೆ ಆ ಹನ್ನೊಂದು ಜನ ಮಾರ್ಚ್‌ನಲ್ಲೂ ಅದೇ ಉಪ್ಪಿಗೆ ಮತ ಹಾಕಿದರೆ ನಾವು ಏಳು ಜನ ಬೀದಿಗೆ ಬಿದ್ದದ್ದು ದಂಡ.

ಜಿಪರ್


ಕೊಕ್-ದೊಬೊ
24 ಫೆಬ್ರವರಿ 2019

ಮಗಳೇ,

ಅದೇ ಮಾತು ನನಗೂ ಕಚ್ಚುತ್ತಿತ್ತು. ಒಂದು ತಿಂಗಳು ಮನೆಯೊಳಗೆ ಓಡಾಡಿದೆ. ಕೊನೆಗೆ ಮಂಬೆತ್‌ನ ಮನೆಗೆ ಹೋದೆ, ಅವನ ಊಟ ಉಂಡ ಹತ್ತು ಗಡ್ಡಗಳೂ ಚಹಾದ ಸುತ್ತ ಇದ್ದವು. ಕುರಿ ವಾಪಸ್ ಕೊಟ್ಟುಬಿಡೋಣ ಅಂದೆ.

"ತಿಂದ ಕುರಿ ವಾಪಸ್ಸಾ? ಎಲ್ಲಿಂದ ತೆಗ್ದು ಕೊಡ್ತೀಯವ್ವಾ, ಹೇಳು ನೋಡೋಣ!" ಅಂದ ಮಂಬೆತ್.

"ಅರ್ಧ ನಿನ್ನ ಗಡ್ಡದಲ್ಲೇ ಇದೆ. ಉಳಿದದ್ದು ನಾನು ಹಾಕ್ತೀನಿ."

ನಗು ಮುಗಿದ ಮೇಲೆ ಯಾರೂ ಏಳಲಿಲ್ಲ. ಹಾಗಾಗಿ ನಾನೇ ನನ್ನ ಕಪ್ಪುಕಿವಿಯ ಟಗರನ್ನು ಹಗ್ಗ ಹಾಕಿ ಅಸಂಕುಲ್‌ನ ಗೇಟಿಗೆ ಕೊಂಡೊಯ್ದೆ.

"ಏನಕ್ಕ ಇದು?" ಅಂದ. "ಕರ್ದು ಊಟ ಹಾಕಿದ್ದಕ್ಕೆ ನಾನೇನು ಬಿಲ್ ಕೊಟ್ನಾ?"

"ಕೊಡ್ಲಿಲ್ಲ. ಅದಕ್ಕೇ ಭಯ ಕಣಪ್ಪ."

ತೆಗೆದುಕೊಳ್ಳಲಿಲ್ಲ. ಗೇಟಿಗೆ ಕಟ್ಟಿ ಬಂದೆ. ಬೆಳಗ್ಗೆ ನೋಡಿದರೆ ಟಗರು ಕಡಿದ ಹಗ್ಗ ಎಳೆದುಕೊಂಡು ನನ್ನ ಕೊಟ್ಟಿಗೆಯಲ್ಲಿ ನಿಂತಿದೆ! ಋಣವೂ ದಾರಿ ಹುಡುಕಿಕೊಂಡು ಮನೆಗೆ ಬರುತ್ತದೆ ಎಂದುಕೊಂಡೆ.

ಆಗ ಹೊಳೆಯಿತು. ಅದೇ ಟಗರನ್ನು ಕೊಯ್ಯಿಸಿ ಹತ್ತು ಗಡ್ಡಗಳನ್ನೂ ಕರೆದೆ. ಅಸಂಕುಲ್‌ನನ್ನೂ ಕರೆದೆ. ಅರವತ್ತೆಂಟರ ಹೆಂಗಸು ಮನೆಗೆ ಕರೆದರೆ ಬರುವುದಿಲ್ಲ ಅಂದವನ ಕುದುರೆಯನ್ನು ಹಿಡಿದು ಈ ಊರಲ್ಲಿ ಯಾರೂ ಒಳಗೆ ಕರೆಯುವುದಿಲ್ಲ. ಬಂದ. ಬಾಗಿಲಿನ ಎದುರಿನ ಗೌರವದ ಜಾಗದಲ್ಲಿ ಕೂರಿಸಿದೆ, ಮುಖ್ಯ ಅತಿಥಿಗೆ ಸಲ್ಲುವ ಕುರಿಯ ತಲೆಯನ್ನು ಅವನ ಮುಂದೇ ಇಟ್ಟೆ. ಅವನು ಚಾಕು ಹಿಡಿದು ಬಹಳ ಹೊತ್ತು ಕೂತ. ಜಾಣ, ಗೊತ್ತಾಗಿತ್ತು. ಕೊನೆಗೆ ಕೊಯ್ದ, ತಿಂದ, ಸಾರೂ ಕುಡಿದ.

ಊಟ ಮುಗಿಯಿತು. ಎಲ್ಲರೂ ನನ್ನ ಕೈ ನೋಡಿದರು. ನಾನು ಎರಡೂ ಕೈಯನ್ನು ಅಂಗಿಯ ತೋಳಿನೊಳಗೆ ತೂರಿಸಿಕೊಂಡು, "ಇವತ್ತು ಬರೀ ಊಟ ಕಣಪ್ಪ. ಹಾರೈಕೆ ಇಲ್ಲ. ನಿನ್ನ ಉಪ್ಪು ನಾವು ತಿಂದ್ವಿ, ನಮ್ಮ ಉಪ್ಪು ನೀನು ತಿಂದೆ. ಇನ್ನು ಅವರವರ ಮನಸ್ಸು" ಅಂದೆ.

ಅರ್ಧ ಎತ್ತಿದ್ದ ಅಂಗೈಯನ್ನು ಮೊದಲು ಇಳಿಸಿದವನು ಮಂಬೆತ್.

"ಅಕ್ಕ, ನೀವು ಹುಡುಗರ ಮಾತು ಕೇಳ್ತಿದ್ದೀರಿ. ನಿಮ್ಮ ಅಬ್ದಿಲ್ದಾಗೆ ಕೆಲಸ ಯಾರು ಕೊಡ್ತಾರೆ?" ಎಂದು ಅಸಂಕುಲ್ ಹೊಸ್ತಿಲ ಮೇಲೆ ಬೂಟು ಹಾಕಿಕೊಳ್ಳುತ್ತಾ ಹೇಳಿ ಹೋದ.

ಬರುವಾಗ ದಪ್ಪ ಕೋಟು ಹಾಕಿಕೊಂಡು ಬಾ.

ಅಜ್ಜಿ


ಬಿಷ್ಕೆಕ್
12 ಮಾರ್ಚ್ 2019

ಅಜ್ಜೀ,

ಶನಿವಾರ ಹೊರಡುತ್ತೇವೆ. ಎದ್ದು ಹೋಗಿದ್ದ ಇಬ್ಬರಲ್ಲಿ ಒಬ್ಬಳು ಬರುತ್ತಾಳೆ. ಮಾರುಕಟ್ಟೆಯಲ್ಲಿ, ಕಾರ್ಖಾನೆಯಲ್ಲಿ ಕೆಲಸ ಮಾಡುವ ನಮ್ಮೂರ ಹುಡುಗರನ್ನೂ ಹುಡುಕಿದ್ದೇವೆ. ಎರಡು ವ್ಯಾನು. ಸಗಿನ್ ಗೊಣಗುತ್ತಾನೆ, "ಮತ ಹಾಕೋಕೆ ಇಷ್ಟು ಜನ ಯಾವತ್ತೂ ಊರಿಗೆ ಬಂದಿಲ್ಲ, ಸಾವಿಗೆ ಬರ್ತಾರೆ" ಅಂತ.

ಸೋಮವಾರ ನಿಜವಾಗಿಯೂ ಪರೀಕ್ಷೆ ಇದೆ. ಮತ ಹಾಕಿ ತಕ್ಷಣ ಹೊರಡಬೇಕು. ಡಬ್ಬ ತರುತ್ತಿದ್ದೇನೆ.

ಜಿಪರ್


ಕೊಕ್-ದೊಬೊ
20 ಮಾರ್ಚ್ 2019

ಮಗಳೇ,

ನೀನು ಮೇಜಿನ ಮುಂದೆ ನಿಂತಾಗ ನಿಯಮದ ಪ್ರಕಾರ ನಾನು ಹೆಸರು ಕೇಳಬೇಕಿತ್ತು. ಕೇಳಿದೆ. ನೀನು ಗಟ್ಟಿಯಾಗಿ ಹೇಳಿದೆ. ಇಡೀ ಸಾಲಿಗೆ ಕೇಳಿಸಿತು. ಆಮೇಲೆ ಡಬ್ಬವನ್ನು ಪಟ್ಟಿಯ ಮೇಲೇ ಇಟ್ಟು ಹೋದೆ. ಗಣಿ ಕಡೆಯ ವೀಕ್ಷಕ ಅದರ ಮುಚ್ಚಳ ತೆಗೆಸಿ ನೋಡಿದ.

ಫೋನಿನಲ್ಲಿ ಫಲಿತಾಂಶ ನಿನಗೆ ತಲುಪಿರುತ್ತದೆ. ಕನಿಷಾಯ್ ಇನ್ನೂರ ಮೂರು, ಅಸಂಕುಲ್ ನೂರ ತೊಂಬತ್ತೊಂಬತ್ತು. ನಾಲ್ಕು ಮತ. ಈಗ ಊರಲ್ಲಿ ಹೊಸ ಜಗಳ. ನಾವು ಬಂದದ್ದಕ್ಕೇ ಗೆದ್ದದ್ದು ಎಂದು ಹುಡುಗರು. ನಾವು ಕೈ ಇಳಿಸಿದ್ದಕ್ಕೇ ಎಂದು ಗಡ್ಡಗಳು. ಸೋತಾಗ ಆರು ಮತಕ್ಕೆ ವಾರಸುದಾರರೇ ಇರಲಿಲ್ಲ. ಗೆದ್ದ ನಾಲ್ಕಕ್ಕೆ ಈಗ ನಲವತ್ತು ಜನ. ಎಲ್ಲರೂ ನನ್ನನ್ನೇ ಕೇಳುತ್ತಾರೆ, ಚೀಟಿ ಎಣಿಸಿದವಳು ಎಂದು. ಒಂದೊಂದನ್ನೂ ತಿರುಗಿಸಿ ನೋಡಿದೆ. ಯಾವುದರ ಮೇಲೂ ವಯಸ್ಸು ಬರೆದಿರಲಿಲ್ಲ.

ಈಗ ನನ್ನ ಕಾರಣ. ಅಕ್ಟೋಬರ್ ಏಳರಂದು ನಾನು ಗುರುತು ಹಾಕಿದ್ದು ಅಸಂಕುಲ್‌ಗೆ. ಉಪ್ಪಿಗಾಗಿ ಅಲ್ಲ. ಉಪ್ಪಿನ ಋಣ ಹನ್ನೊಂದರಲ್ಲಿ ಉಳಿದ ಹತ್ತು ಜನರಿಗೆ. ನಾನು ಆ ಊಟಕ್ಕೆ ಹೋದದ್ದೇ ಅವನನ್ನು ಒಂದು ಮಾತು ಕೇಳಲು. ಗಣಿ ಬಂದರೆ ನನ್ನ ಮಗನಿಗೆ ಕೆಲಸ ಕೊಡ್ತೀಯಾ ಎಂದು ಕೇಳಿದೆ. ಮೊದಲನೇ ಹೆಸರೇ ಅವನದು ಅಂದ. ಅಬ್ದಿಲ್ದಾ ಹನ್ನೊಂದು ವರ್ಷದಿಂದ ಹೊರಗಿದ್ದಾನೆ. ಮುಂದಿನ ಐವತ್ತು ವರ್ಷ ನನಗೆ ಕಾಣಲಿಲ್ಲ ಎಂದು ಬೈದೆಯಲ್ಲ, ನನಗೆ ಕಂಡದ್ದು ಮುಂದಿನ ಚಳಿಗಾಲ ಮತ್ತು ಹತ್ತನೇ ಮಹಡಿ. ನಿನ್ನ ಸಾಲು ಅಳಿದದ್ದನ್ನು ನೋಡಿಯೂ ನಾನು ಬಾಯಿ ಮುಚ್ಚಿಕೊಂಡದ್ದು ನಿನ್ನ ಮಾನ ಕಾಯಲು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಆ ಒಂಬತ್ತು ಬರದಿದ್ದರೆ ನನಗೂ ಅನುಕೂಲವಿತ್ತು.

ಮಾರ್ಚ್‌ನಲ್ಲಿ ಯಾರಿಗೆ ಹಾಕಿದೆ ಎಂದು ಹೇಳುವುದಿಲ್ಲ. ಗೆದ್ದ ಮೇಲೆ ಎಲ್ಲರೂ ಗೆದ್ದವರಿಗೇ ಹಾಕಿರುತ್ತಾರೆ.

ಮಂಡಳಿ ನಿನ್ನೆ ಕೂತಿತ್ತು. ಆರು ಕೈ ಈ ಕಡೆ. ಗಣಿ ಇಲ್ಲ. ಜೂನ್ ಒಂದಕ್ಕೆ ಮಂದೆ ಸರಿ-ತೋರ್ ಹತ್ತುತ್ತದೆ, ಊಟೆಯನ್ನು ಅಳೆಯುವ ನಿನ್ನ ಯಂತ್ರ ತೆಗೆದುಕೊಂಡು ಬಾ.

ಗಣಿ ಬರುವುದಿಲ್ಲವೆಂದು ನಿನ್ನಪ್ಪನಿಗೆ ಇನ್ನೂ ಯಾರೂ ಹೇಳಿಲ್ಲ. ಕಾಗದ ಬರೆಯಲು ಮೂರು ಸಲ ಕೂತೆ. 'ಮಗನೇ' ಎಂಬಲ್ಲಿಗೇ ನಿಂತಿದೆ. ಆ ಹಾಳೆಯನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಉಳಿದದ್ದನ್ನು ನೀನು ಬರೆ. ಕೆಳಗೆ ಎರಡು ಸಹಿಗೆ ಜಾಗ ಬಿಡು.

ಅಜ್ಜಿ